ಹಗ್ಗದ ಆಚೆ

ನನ್ನ ಕೆಲಸ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುವುದು.
ಕೈಯಲ್ಲಿ ನೈಲಾನ್ ಹಗ್ಗ, ಬಾಯಲ್ಲಿ ಸೀಟಿ,
ಹೋಮ್‌ಗಾರ್ಡ್ ಆಫೀಸಿನವರು ಕೊಟ್ಟ, ಒಂದು ನಂಬರು ದೊಡ್ಡದಾದ ಬೂಟು.
ಕಾರವಾರದ ಉತ್ಸವದ ಕೊನೆಯ ರಾತ್ರಿ
ಊರೆಲ್ಲ ಮದ್ದು ಸುಡುವುದನ್ನು ನೋಡುತ್ತದೆ.
ಊರನ್ನು ನಾನು ನೋಡುತ್ತೇನೆ.

ನಾಲ್ಕು ಗಂಟೆಗೇ ಬಂದು ಕೂತವರಿದ್ದರು.
ಆಗ ನೀರು ಎಲ್ಲೋ ದೂರ;
ಒದ್ದೆ ಮರಳಿನಲ್ಲಿ ಪುಟ್ಟ ಏಡಿಗಳು ಗುಳಿಗೆ ಉರುಳಿಸುತ್ತಿದ್ದವು.
ಸದಾಶಿವಗಡದ ಬಾಂದೇಕರ ಮಾಸ್ತರರು ಚೌಕಳಿ ಚಾದರ ಹಾಸಿ,
ಎರಡು ಮೂಲೆಗೆ ತಮ್ಮ ಚಪ್ಪಲಿ, ಎರಡು ಮೂಲೆಗೆ ಹೆಂಡತಿಯದು ಇಟ್ಟು,
"ಹನ್ನೊಂದು ಜನ ಬರುವವರಿದ್ದಾರೆ" ಎಂದರು.
ಬಾರದವರ ಜಾಗಕ್ಕೆ ಚಪ್ಪಲಿಯ ಸಾಕ್ಷಿ ನಡೆಯುತ್ತದೋ ಇಲ್ಲವೋ
ನಮ್ಮ ತರಬೇತಿಯಲ್ಲಿ ಹೇಳಿಲ್ಲ.

ಏಳಕ್ಕೆ ಬಂದವಳು ಬೈತಖೋಲದ ಶೇವಂತಿಬಾಯಿ.
ಮೀನು ಮಾರಿ ಖಾಲಿಯಾದ ಬುಟ್ಟಿಯನ್ನು ಬೋರಲು ಹಾಕಿ
ಹಿಂದೆ, ಗಾಳಿಮರದ ಬುಡದಲ್ಲಿ ಕೂತಳು.
"ಮುಂದೆ ಹೋಗು ಬಾಯಿ, ನಿನ್ನ ಎತ್ತರಕ್ಕೆ
ಅಲ್ಲಿಂದ ಬರೀ ಬೆನ್ನು ಕಾಣ್ತದೆ."
"ತ್ರಯೋದಶಿ ಗೋ ಇವತ್ತು. ಹತ್ತಕ್ಕೆ ಭರತಿ,"
ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು.
ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲ ಅಂದುಕೊಂಡೆ.

ಭಾಷಣ ಮುಗಿದು, ವಂದನಾರ್ಪಣೆಯೂ ಮುಗಿದು,
ಬಿಟ್ಟುಹೋದ ಎರಡು ಹೆಸರಿಗೆ ಮತ್ತೆ ವಂದನೆಯಾಗಿ
ಒಂಬತ್ತೂವರೆಗೆ ಮೊದಲ ಗರ್ನಾಲು.
ಎಲ್ಲರೂ ಎದ್ದರು.
ಮುಂದಿನವ ಎದ್ದನೆಂದು ಹಿಂದಿನವ,
ಅವನು ಎದ್ದನೆಂದು ಅವನ ಹಿಂದಿನವ.
ಕೂತಿದ್ದರೂ ಅಷ್ಟೇ ಕಾಣುತ್ತಿತ್ತು; ಆಕಾಶ ತಾನೆ.
"ಕೂತ್ಕೊಳ್ರೀ!" ಎಂದು ಕೂಗಿದವರೂ ನಿಂತೇ ಇದ್ದರು.
ಹೆಗಲ ಮೇಲೆ ಮಗು, ಮಗುವಿನ ಕೈಗೆ ಬಲೂನು,
ಬಲೂನಿನ ಹಿಂದೆ ಯಾರೋ ಎತ್ತಿ ಹಿಡಿದ ಫೋನು,
ಫೋನಿನಲ್ಲಿ ಬಲೂನು.

ನನಗೆ ಬೆಳಕು ಮೊದಲು ಕಾಣುವುದು ಮಾಸ್ತರರ ಬೋಳುತಲೆಯಲ್ಲಿ:
ಕೆಂಪಾಗುತ್ತದೆ, ಆಮೇಲೆ ಬೆನ್ನಿಗೆ ಸದ್ದು ಬಡಿಯುತ್ತದೆ.
ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಅಳುತ್ತಿದ್ದ.
ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು, ಅವನಿಗೆ ಏನೂ ಆಗಬೇಕಾದವಳಲ್ಲ,
ಅವನ ಕೈಗಳ ಮೇಲೆ ತನ್ನ ಕೈಗಳನ್ನೂ ಒತ್ತಿ ಹಿಡಿದು
ಬಾಯಿ ತೆರೆದು ಮೇಲೆ ನೋಡುತ್ತಿದ್ದಳು.

ಆಗ ಹಿಮ್ಮಡಿ ತಣ್ಣಗಾಯಿತು.

ಎಲ್ಲರಿಗಿಂತ ಕೊನೆಗೆ ಬಂದು,
ಸ್ವಲ್ಪ ಸರೀರಿ ಎಂದೂ ಕೇಳದೆ,
ಎಲ್ಲರಿಗಿಂತ ಮುಂದೆ ಕೂತೇಬಿಟ್ಟಿತು ನೀರು.
ಚಾದರ ಎದ್ದು ತೇಲಿತು.
ಒಂದು ಚಪ್ಪಲಿ ಗೋವೆಯ ಕಡೆಗೆ ಹೊರಟಿತು.
ಮುಂದಿನವರು ಹಿಂದಕ್ಕೆ ಒತ್ತಿದರು. ಹಿಂದಿನವರಿಗೇನು ಗೊತ್ತು,
ಅವರಿಗದು ತಳ್ಳಾಟ: "ಏಯ್, ಕಣ್ಣು ಕಾಣಲ್ವಾ?"
ಸೀಟಿ ಊದಿದೆ. ಗರ್ನಾಲಿನೆದುರು ಸೀಟಿ
ಮದುವೆಮನೆಯಲ್ಲಿ ಸೊಳ್ಳೆಯ ಹಾಡು.

ಶೇವಂತಿಬಾಯಿ ಬುಟ್ಟಿಯ ಮೇಲೆ ಹತ್ತಿದಳು.
ಬಂಗಡೆಯ ದರ ಕೂಗಿ ಕೂಗಿ ಪಳಗಿದ ಗಂಟಲು:
"ಒಂದ್ ಹೆಜ್ಜೆ! ಎಲ್ಲರೂ ಒಂದೇ ಹೆಜ್ಜೆ! ಹಾಂ, ಇನ್ನೊಂದು!"
ರಂಪಣಿ ಬಲೆ ಎಳೆಯುವವರ ಹಾಗೆ
ಮುಖ ಸಮುದ್ರಕ್ಕೆ, ಕಾಲು ಹಿಂದಕ್ಕೆ,
ಇಡೀ ಊರು ತಾಳಕ್ಕೆ ಸರಿಯಿತು;
ಹಗ್ಗದ ತುದಿ ಹಿಡಿದು ಅವರತ್ತ ನಡೆದೆ,
ಆ ರಾತ್ರಿ ಬಲೆಗೆ ಬಿದ್ದ ದೊಡ್ಡ ಮೀನು ನಾನೇ.
ಯಾರ ಕಾಲೂ ಯಾರೂ ತುಳಿಯಲಿಲ್ಲ ಎನ್ನಲಾರೆ.
ತುಳಿದವರು ಮಾತ್ರ ತಿರುಗಿ ನೋಡಿದರು.

ಕೊನೆಯ ಹೂ ಬಿರಿದಾಗ ಮಾಸ್ತರರು ಬರಿಗಾಲಲ್ಲಿ,
ಮೀನುಬುಟ್ಟಿಯ ಅರ್ಧಕ್ಕೆ ಕೂತಿದ್ದರು.
ಇನ್ನರ್ಧ ಹೆಂಡತಿಗೆ.
ಶೇವಂತಿಬಾಯಿ ನಿಂತಿದ್ದಳು. ಅವಳಿಗೆ ಕಂಡದ್ದು ಬೆನ್ನೇ ಇರಬೇಕು.

ಬೆಳಿಗ್ಗೆ ಹಗ್ಗ ಸುತ್ತಲು ಹೋದಾಗ
ಕೋಡಿಬಾಗದ ಹತ್ತಿರ ಒಂದು ಚಪ್ಪಲಿ ಸಿಕ್ಕಿತು, ಬಲಗಾಲಿನದು.
ತೊಳೆದು ಎತ್ತಿಟ್ಟಿದ್ದೇನೆ.
ಮುಂದಿನ ವರ್ಷ ಮಾಸ್ತರರಿಗೆ ಬೇಕಾದೀತು,
ಒಂದು ಮೂಲೆಗೆ.