ಹದಿನಾಲ್ಕನೇ ಸಪ್ಪಳ

ಐತಾರ ಸುಟ್ಟಿ. ವಾಡಿಯಿಂದ ಗಾಡಿ ಹತ್ತಿ ಕಲಬುರಗಿಗಿ ಹೋಗಿ
ಎರಡು ಟಿಕೀಟು ತಗೊಂಡೆವು, ನಾನು, ಲಾಡ್ಲೇಸಾಬ.
ಹಿಂದಿ ಮಾತು ಹಚ್ಚಿದ ಅಮೆರಿಕಾದ ಸಿನೆಮಾ.
ಕುರ್ಚಿ ಮೆತ್ತಗಿದ್ದವು. ಎಸಿ ಎಂಥಾದ್ದಂದ್ರ
ಲಾಡ್ಲೇಸಾಬ ಹೆಗಲ ಮ್ಯಾಲಿನ ರುಮಾಲು ಕಿವಿಗಿ ಸುತ್ಕೊಂಡ.

ನಮ್ಮದು ಸುಣ್ಣದ ಕಲ್ಲಿನ ಸಣ್ಣ ಖಣಿ,
ಇನ್ನೂ ಬತ್ತಿ ಹಚ್ಚೋದೇ.
ಇಪ್ಪತ್ತೆರಡು ವರ್ಷ ತೂತಿನಾಗ ಮದ್ದು ತುಂಬೀನಿ.
ಹಿಂಗಾಗಿ ಇಂಥಾ ಸಿನೆಮಾದ ಬಗ್ಗೆ ಮಾತಾಡ್ಲಿಕ್ಕ
ಒಂದೀಟು ಹಕ್ಕು ನನಗೂ ಅದ.

ಬೆಂಕಿ ನೋಡ್ರಿ.
ಅಂವ ಕರೀ ಚಷ್ಮಾ ಹಾಕ್ಕೊಂಡಾನ, ಹಿಂದ ಪೆಟ್ರೋಲ್ ಟಾಕಿ ಹಾರ್ತದ,
ಹೊಳ್ಳಿ ನೋಡದೇ ನಡಕೋತ ಬರ್ತಾನ.
ಜನ ಸೀಟಿ ಹೊಡದ್ರು. ನಾ ಹೊಡೀಲಿಲ್ಲ.
ನಮ್ಮಲ್ಲಿ ಬತ್ತಿ ಹಚ್ಚಿದಾಂವ ಹಂಗ ಬೆನ್ನು ಮಾಡಿದ್ರ
ಮಾರನೇ ದಿನ ಅಂವಗ ಪಗಾರಿಲ್ಲ.
ಆಸರಿಗಿ ನಿಂತು ಎಣಿಸಬೇಕು.
ಹದಿನಾಲ್ಕು ತೂತು, ಹದಿನಾಲ್ಕು ಸಪ್ಪಳ.
ಹದಿಮೂರಕ್ಕ ನಿಂತ್ರ
ಯಾರೂ ಬೀಡಿ ಹಚ್ಚಂಗಿಲ್ಲ.

ಮತ್ತ ಖರೇ ಹೊಡತ ಹಂಗ ಬರಂಗೂ ಇಲ್ಲ.
ಮೊದಲು ನೆಲ ಅಂಗಾಲಿಗಿ ಹೇಳ್ತದ.
ಹಾಲು ಉಕ್ಕಿದಂಗ ಬಿಳೀ ಧೂಳು ಮೆಲ್ಲಕ ಏಳ್ತದ.
ಕಿವಿಗಿ ಸುದ್ದಿ ಕೊನಿಗಿ.
ಅವರ ಧೂಳಿಗಿ ಕೆಮ್ಮಿಲ್ಲ, ಬೆಂಕಿಗಿ ವಾಸನಿಲ್ಲ,
ಕಂಪ್ಯೂಟರಿನಾಗ ಬೇಯಿಸಿದ ಅಡಿಗಿ, ಉಪ್ಪು ಮರ್ತಾರ.
ಊರಿಗಿ ಊರೇ ಕೆಡವಿದ್ರು:
ಒಂದು ಕೆಂಪು ಬಾವುಟ ಇಲ್ಲ, ಒಬ್ಬರೂ ಸೀಟಿ ಊದಿ
ಸರೀರಪ್ಪೋ ಅನ್ನಲಿಲ್ಲ.

ಹೊಡದಾಟ? ಕೈ ಎತ್ತತಾನ, ಅಷ್ಟರಾಗ ತುಂಡು.
ಮಾರಿ, ತುಂಡು. ಕನ್ನಡಿ ಒಡೀತದ, ತುಂಡು.
ಯಾರು ಯಾರಿಗಿ ಹೊಡದ್ರು?
ಲಾಡ್ಲೇಸಾಬ ಕಿವ್ಯಾಗ ಅಂದ:
ಖೀಮಾ ಮಾಡ್ಯಾರ ಮಾಮಾ, ಕುರಿ ಯಾವುದಂತ ಗೊತ್ತಾಗವಲ್ದು.

ಆದ್ರ ಸುಳ್ಳ್ಯಾಕ ಹೇಳಲಿ, ಒಂದು ಜಾಗಾ ಇತ್ತು.
ಹಳೇ ಕಟ್ಟಡದ ಮೆಟ್ಟಲು. ಅದೇ ಹೀರೋ, ಚಷ್ಮಾ ಬಿದ್ದು ಹೋಗೇದ.
ಮ್ಯಾಲಿಂದ ಕೆಳತನಕ ಕ್ಯಾಮೆರಾ ಕಣ್ಣು ಮಿಟುಕಿಸಲಿಲ್ಲ.
ಮೂರನೇ ತಿರುವಿಗಿ ಬಂದು ಇಬ್ಬರೂ
ಗ್ವಾಡಿಗಿ ಆತು ನಿಂತು ತೇಕಲಿಕ್ಕತ್ತಿದ್ರು, ವೈರಿಗಳು,
ಒಂದೇ ಕೊಡದ ನೀರಿಗಿ ಕಾದವರಂಗ.
ಒಬ್ಬ ಬಗ್ಗಿ ಮೊಳಕಾಲು ಹಿಡಕೊಂಡ.
ಮತ್ತ ಎದ್ದು ಹೊಡದ. ಕೈ ಸೋತಿತ್ತು, ಹೊಡತ ಅರ್ಧಾ.
ಥೇಟರಿನಾಗ ಪಾಪಕಾರ್ನ್ ಸಪ್ಪಳನೂ ನಿಂತಿತ್ತು.
ಆ ದಣಿವು ನನಗ ಗುರುತದ.
ಅದಕ್ಕಾಗಿ ಟಿಕೀಟಿನ ರೊಕ್ಕ ಮಾಫ ಮಾಡ್ದೆ.

ಕಡೀ ಮೆಟ್ಟಲಿಂದ ಉಳ್ಳಿ ಬಿದ್ದಾಂವ ಹೀರೋ ಅಲ್ಲ,
ಹೀರೋನ ಅಂಗಿ ತೊಟ್ಟ ಮತ್ಯಾರೋ. ಬೆನ್ನು ಬ್ಯಾರೆ ಇತ್ತು.
ಅಂವನ ಹೆಸರು ಬರ್ತದೇನಂತ ಜನ ಎದ್ದು ಹೋದ ಮ್ಯಾಲೂ ಕುಂತೆವು.
ಇಂಗ್ಲೀಷಿನಾಗ ನೂರಾರು ಹೆಸರು, ಇರುವಿ ಸಾಲು,
ಓಡಿ ಓಡಿ ಮ್ಯಾಲ ಹೋದವು.
ನಮಗಿಬ್ಬರಿಗೂ ಓದಲಿಕ್ಕ ಬರಂಗಿಲ್ಲ.
ಕಸ ಹೊಡಿಯೋ ಹುಡುಗ ಬಂದು, ಮುಗೀತ್ರಿ, ಅಂದ.

ಮಲ್ಕಣ್ಣ ಬೇಕಿತ್ತು. ಅಂವಗ ಕಾರು ಹಾರೋದಂದ್ರ ಜೀವ.
ಬೆಂಕಿ ಬಂದಾಗೆಲ್ಲ ಎರಡು ಬೆರಳು ಬಾಯಾಗಿಟ್ಟು
ಪರದೆ ಹರಿಯೂಹಂಗ ಸೀಟಿ ಹೊಡೀತಿದ್ದ.
ಆ ದಿನ ಹದಿಮೂರು ಎಣಿಸಿದ್ದೆವು.
ನಾ ಹದಿನಾಲ್ಕು ಅಂದೆ. ಅಂವ ನಂಬಿದ.

ರಾತ್ರಿ ಪ್ಯಾಸೆಂಜರ್. ಮರತೂರು ದಾಟಿದ ಮ್ಯಾಲ
ಲಾಡ್ಲೇಸಾಬ ಕೇಳಿದ: ಹತ್ತಕ್ಕ ಎಷ್ಟು ಕೊಡ್ತಿ, ಮಾಮಾ?
ಮೆಟ್ಟಲಿಗಿ ಎಂಟು, ಅಂದೆ. ಬೆಂಕಿಗಿ ಎರಡು.
ಮಲ್ಕಣ್ಣ ಬೆಂಕಿಗೇ ಹತ್ತು ಕೊಡ್ತಿದ್ದ, ಅದನ್ನೂ ಕೂಡಿಸು.
ಅಂವ ಬೆರಳು ಮಡಚಿ ಮಡಚಿ ಕೂಡಿಸ್ತಿದ್ದ.
ಶಹಾಬಾದ ಬಂತು,
ಪರ್ಸಿ ಧೂಳು ಮೆತ್ತಿದ ಮಂದಿ ಹತ್ತಿದ್ರು, ಸರದು ಕುಂತೆವು,
ಲೆಕ್ಕ ತಪ್ಪಿತು.