ಎದಿಮಟ

ಡಾಕ್ಟರು ಚೀಟಿ ಮ್ಯಾಲ ಬರದು ಕೊಟ್ಟಾರ:
ಗುಳಗಿ ಎರಡು, ಹೊತ್ತಿಗೆ ಸರಿಯಾಗಿ ಊಟ,
ದಿನಾ ಒಂದು ತಾಸು ನಡಿಗಿ.
ಎಲ್ಲಿ ನಡೀಬೇಕಂತ ಬರದಿಲ್ಲ.

ನವನಗರದ ಈ ರಸ್ತೆ
ನನ್ನ ಕೈಯಿಂದ ಎಳದದ್ದು.
ಊರು ಹಿನ್ನೀರಿಗೆ ಹೋಗೂ ಮೊದಲು
ಆಫೀಸಿನ ಮಾಳಿಗ್ಯಾಗ
ಟ್ರೇಸಿಂಗ್ ಹಾಳಿ ಮ್ಯಾಲ ಬಗ್ಗಿ
ಉಸಿರು ಬಿಗಿಹಿಡದು ಎಳದೆ.
ಒಂದೂ ಸೊಟ್ಟ ಇಲ್ಲಂತ ಸಾಹೇಬರು ಬೆನ್ನು ತಟ್ಟಿದ್ರು.

ಹಳೇ ಬಾಗಲಕೋಟ್ಯಾಗ ಸೊಟ್ಟ ಇರದ ಓಣಿ ಎಲ್ಲಿತ್ತು?
ಒಬ್ಬರ ಗ್ವಾಡಿ ನೆರಳು ಇನ್ನೊಬ್ಬರ ಬಾಗಲಿಗೆ,
ತಿರುವಿಗೊಂದು ಕಟ್ಟಿ, ಕಟ್ಟಿಗೊಬ್ಬ
'ಎತ್ತಾಗ ಹೊಂಟೀಪಾ' ಅನ್ನಾಂವ.
ಆವಾಗ ನನಗ ಅದು ಇಕ್ಕಟ್ಟು ಅನಿಸ್ತಿತ್ತು.

ಗಿಡ ಬರಿಯಾಕ ಸ್ಟೆನ್ಸಿಲ್ ಒಂದಿತ್ತು,
ಹಸಿರು ಪ್ಲಾಸ್ಟಿಕ್ಕು, ತೂತು ತೂತು.
ರಸ್ತೆ ಎರಡೂ ಬದಿಗೆ ಪೆನ್ನು ತಿರುವಿ ತಿರುವಿ
ಒಂದ ಮಧ್ಯಾಹ್ನದಾಗ ಇಡೀ ಅಡವಿ ಮುಗಿಸಿ
ಚಾಕ್ಕ ಹೋಗಿದ್ದೆ.

ಈಗ ಹನ್ನೊಂದರ ಬಿಸಲಾಗ
ಆ ವೃತ್ತ ಹುಡಿಕ್ಕೋತ ನಡೀತೀನಿ.
ನೂರಡಿ ರಸ್ತೆ ದಾಟೂದ್ರಾಗ ಮೊಣಕಾಲು ಕೇಳತಾವ, ಇನ್ನೆಷ್ಟು?
ಪಾರ್ಕಿನ ಗೇಟಿಗೆ ಕೀಲಿ,
ಒಳಗ ಕಾಂಗ್ರೆಸ್ ಕಸ ಆರಾಮ ಐತಿ.
ಇನ್ನೂರು ಹೆಜ್ಜಿ ದೂರದ ಹಾಲಿಗೆ ಗಂಡಸರು ಬೈಕ್ ಏರತಾರ,
ಹೆಣ್ಣಮಕ್ಕಳು ಮಾಳಿಗಿ ಮ್ಯಾಲ
ನೀರಿನ ಟಾಕಿ ಸುತ್ತ ಸುತ್ತು ಹೊಡೀತಾರ.
ನಮ್ಮ ಓಣ್ಯಾಗ, ಓಣಿ ಅಲ್ಲ, ಕ್ರಾಸ್,
ಮನಿಮನಿ ಸಕ್ಕರಿ ಡಬ್ಬಿ ಮಾಡದ ತುದಿಗೆ ಏರೈತಿ.

ಖೈರೂನಬಿ ಮಾತ್ರ ನಡೀತಾಳ,
ಮೆಂತೆ, ರಾಜಗಿರಿ, ಕಿರಕಸಾಲಿ ತಲಿ ಮ್ಯಾಲ.
"ಇಳಸಾಕ ಒಬ್ಬರು ಬೇಕ್ರಿ, ಏರಸಾಕ ಒಬ್ಬರು ಬೇಕ್ರಿ.
ಹಳೇ ಊರಾಗ ಅಗಸಿ ಹಂತ್ಯಾಕ ಕಲ್ಲಿತ್ತು,
ನಿಮ್ಮ ಊರಾಗ ಇಲ್ಲ."
ನಿಮ್ಮ ಊರು ಅಂದಳು.
ಯಾರು ಹೇಳಿದ್ರೋ ಆಕಿಗೆ.

"ಎಷ್ಟು ಎತ್ತರ ಇತ್ತು?" ಕೇಳಿದೆ, ಹಳೇ ಚಟ.
ಅಂಗೈ ಎದಿಗೆ ಅಡ್ಡ ಹಿಡದು, "ಇಷ್ಟು," ಅಂದಳು.
ಊರಿಗೆ ಊರೇ ಮಿಲಿಮೀಟರಿನ್ಯಾಗ ಬರದಾಂವ ನಾನು,
ಈ ಅಳತಿ ಯಾವ ಹಾಳ್ಯಾಗೂ ಬರದಿರಲಿಲ್ಲ.

ಮುಳುಗಿದ ಮನಿಯಿಂದ ಹೊತ್ತು ತಂದ ಹೊಸ್ತಲಗಲ್ಲು
ಹಿತ್ತಲದಾಗ ಅರಿವಿ ಒಗಿಯೂ ಕಲ್ಲಾಗಿ ಬಿದ್ದಿತ್ತು.
ಗೌಂಡಿ ಯಂಕಪ್ಪ ಎರಡು ಕಂಬದ ಮ್ಯಾಲ ಕೂಡ್ರಿಸಿದ,
ಎದಿಮಟ.
ಪಕ್ಕಕ್ಕ ಇನ್ನೊಂದು ಚಪ್ಪಡಿ, ಮೊಣಕಾಲಮಟ.
ನಗರಸಭೆಯವರು ಬಂದು ಯಾರ ಪರ್ಮಿಷನ್ ಅಂತ ಕೇಳಿ
ಅದರ ಮ್ಯಾಲೇ ಕುಂತು ಚಹಾ ಕುಡದು ಹೋದ್ರು.
ಮತ್ತ ಬರತಾರಂತ.

ಮೂರನೇ ಕ್ರಾಸಿನ ಪಾರಕ್ಕ ಮಾಳಿಗಿ ಇಳದು
ಪಲ್ಯಾ ಆರಸೂ ನೆವಕ್ಕ ಅಲ್ಲೀತನಾ ಬಂದಳು,
ಮರುದಿನ ನೆವಾನೂ ಬಿಟ್ಟಳು.
ನಿನ್ನೆ ಯಾರೋ ನನಗ "ಎತ್ತಾಗ ಹೊಂಟೀರಿ" ಅಂದ್ರು.
ಉತ್ತರ ತಯಾರಿರಲಿಲ್ಲ.

ಸಕ್ಕರಿ ಇನ್ನೂ ಇಳದಿಲ್ಲ, ಎರಡುನೂರಾ ಹತ್ತಕ್ಕ ನಿಂತೈತಿ.
ಕಲ್ಲಿನ ಬಾಜೂಕ ಬೇವಿನ ಗಿಡ ಒಂದು,
ತಾನಾಗೇ ಹುಟ್ಟಿದ್ದು, ನಕ್ಷಾದಾಗ ಇರದ್ದು.
ಅದರ ನೆರಳು ಅಳಿಯೂಣಂತ ಟೇಪ್ ಒಯ್ದಿದ್ದೆ.
ವೃತ್ತ ಅಲ್ಲ ಅದು.
ಅಂಚು ಹರದೈತಿ, ಗಾಳಿಗೆ ಸರದಾಡತೈತಿ,
ಎಲ್ಲಿ ಹಿಡೀಬೇಕೋ ತಿಳೀಲಿಲ್ಲ.
"ಇದನ್ನ ಹಿಡೀರಿ," ಮೆಂತೆ ಕಟ್ಟು ಕೈಗಿಟ್ಟಳು ಖೈರೂನಬಿ,
"ಸಕ್ಕರಿಗೆ ಚೊಲೋ. ಹತ್ತು ರೂಪಾಯಿ."