ಎರಡನೆಯ ಸಹಿ

ಫರ್ವಾನಿಯಾದ ಮೂರನೇ ಮಹಡಿ. ಒಂದೇ ಫ್ರಿಜ್ಜು,
ನಡುವೆ ಬಿಳಿ ಪ್ಲಾಸ್ಟರಿನ ಪಟ್ಟಿ,
ವಾರ್ಡಿನಿಂದ ನಾನೇ ತಂದು ಅಂಟಿಸಿದ್ದು.
ಮೇಲೆ ಯೆಮೀಮಳ ಲಬ್ನೆ, ಮೀನಿನ ಸಾರು;
ಕೆಳಗೆ ನನ್ನ ಶೇಂಗಾ ಚಟ್ನಿ, ಖುಬ್ಬೂಸು.
ಏಳು ತಿಂಗಳು
ನಾವು ಮಾತಾಡಿದ್ದು ಗ್ಯಾಸ್ ಮುಗಿದಾಗ ಮಾತ್ರ,
ಅದೂ ಚೀಟಿಯಲ್ಲಿ.

ಆಗಿದ್ದು ಇಷ್ಟು:
ರಾತ್ರಿ ಪಾಳಿ, ಹನ್ನೊಂದನೇ ಹಾಸಿಗೆ, ಮುದುಕ ಅಬು ನಾಸಿರ್.
ಆರು ಯೂನಿಟ್ ಇನ್ಸುಲಿನ್ ಎಂದಿದ್ದಲ್ಲಿ
ನನ್ನ ಕೈ ಹದಿನಾರು ಎಳೆದಿತ್ತು.
ಇನ್ನೊಬ್ಬಳನ್ನು ಕರೆದು ತೋರಿಸಬೇಕು, ಅವಳ ಸಹಿ ಬೇಕು. ನಿಯಮ.
ಹದಿನೆಂಟು ವರ್ಷ ಪಳಗಿದ ಕೈಗೆ
ಬೇರೆಯವರ ಕಣ್ಣು ಯಾಕೆ ಎಂದುಕೊಂಡಿದ್ದೆ.
ಮುದುಕ ಬೆವರಿದ, ತೊದಲಿದ;
ಗ್ಲೂಕೋಸ್ ಏರಿಸಿದ ಮೇಲೆ ಬೆಳಗಿನ ಜಾವ ಕಣ್ಣು ಬಿಟ್ಟು
ನನಗೇ ದುವಾ ಹೇಳಿದ.
ಯೆಮೀಮ ಬರೆದುಕೊಟ್ಟಳು. ಒಂದೂವರೆ ಪುಟ.
ನನಗೆ ಬರಬೇಕಿದ್ದ ಇನ್‌ಚಾರ್ಜ್ ಹುದ್ದೆ
ಕೋಟಯಂನ ಹುಡುಗಿಗೆ ಹೋಯಿತು.

ಅವಳು ಬರೆದದ್ದು ಸುಳ್ಳಾಗಿದ್ದರೆ
ಎಂದೋ ಕ್ಷಮಿಸಿ ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳುತ್ತಿದ್ದೆ.
ನಿಜ ಬರೆದಿದ್ದಳು.
ಅಲ್ಪವಿರಾಮವೂ ತಪ್ಪಿರಲಿಲ್ಲ.

ಶುಕ್ರವಾರ ಆರಾಧನೆಯ ಹಾಲ್ ನಮಗೆ ಸಿಗುವುದು
ತಮಿಳರು ಎದ್ದ ಮೇಲೆ, ಫಿಲಿಪಿನೋಗಳು ಬರುವ ಮುನ್ನ, ಒಂದು ತಾಸು.
ಕುರ್ಚಿ ಇನ್ನೂ ಬೆಚ್ಚಗಿರುತ್ತಿತ್ತು.
ನಾನು ಮುಂದಿನ ಸಾಲು, ಅವಳು ಬಾಗಿಲ ಬಳಿ.
ಕರ್ತನ ಪ್ರಾರ್ಥನೆಯಲ್ಲಿ ಆ ಒಂದು ಸಾಲು ಬರುವಾಗ
ನನಗೆ ಕೆಮ್ಮು ಬರುತ್ತಿತ್ತು.
ಪ್ರತಿ ಶುಕ್ರವಾರ, ಅದೇ ಜಾಗದಲ್ಲಿ.
ಪಕ್ಕದ ಸಂಜೀವಪ್ಪ ಅಂಕಲ್ ಪಾಪ, ಪುದೀನಾ ಗುಳಿಗೆ ಕೊಟ್ಟರು.

ಬೆಟಗೇರಿಯಿಂದ ಅವ್ವ ಫೋನಿನಲ್ಲಿ ಅಂದಳು:
"ಮೊಣಕಾಲು ಮಡಚೂದು ಸಲೀಸವಾ,
ನಾಲಿಗಿ ಮಡಚೂದು ಕಠಿಣ."
ನೆಟ್‌ವರ್ಕ್ ಸರಿಯಿಲ್ಲ ಎಂದೆ ನಾನು.

ಜೂನಿನಲ್ಲಿ ತೂಜ್ ಎದ್ದಿತು.
ಇಲ್ಲಿಯ ಧೂಳುಗಾಳಿಗೆ ಅದೇ ಹೆಸರು.
ಮಧ್ಯಾಹ್ನ ಮೂರಕ್ಕೇ ಊರು ಕಿತ್ತಳೆ, ಆಮೇಲೆ ಕಂದು,
ಎದುರಿನ ಬಕಾಲದ ಬೋರ್ಡೂ ಕಾಣದು.
ಕಿಟಕಿಯ ಸಂದಿಗೆ ಒದ್ದೆ ಟವೆಲ್ ತುರುಕುವಾಗ
ನಾಲ್ಕು ಕೈ, ಒಂದು ಟವೆಲ್, ಮಾತಿಲ್ಲ.
ಆಮೇಲೆ ಅವಳ ಉಸಿರು ಕೇಳಿಸಿತು,
ತೂತು ಬಿದ್ದ ತಿದಿಯ ಹಾಗೆ.
ಬಾಗಿಲು ತಳ್ಳಿದರೆ ಮಂಚದಂಚಿನಲ್ಲಿ ಕೂತು
ಹೆಗಲೇರಿಸಿ ಗಾಳಿ ಹುಡುಕುತ್ತಿದ್ದಳು, ತುಟಿ ನೀಲಿ.
ದಾರಿ ಕಾಣುತ್ತಿಲ್ಲ, ಕಾಯಿರಿ ಎಂದರು ಆಂಬುಲೆನ್ಸಿನವರು.

ಕಪಾಟಿನಲ್ಲಿ ನೆಬ್ಯುಲೈಸರ್ ಇತ್ತು. ಔಷಧದ ಬಾಟಲಿಯನ್ನು
ನಡುಗುವ ಕೈಯಿಂದ ನನ್ನತ್ತ ಚಾಚಿದಳು.
ನನ್ನತ್ತ.
"ನೀನೇ ಅಳೆ" ಎಂದಳು,
ಎರಡು ಪದಕ್ಕೆ ಎರಡು ಉಸಿರು.

ಏಳು ತಿಂಗಳು ನಾನು ಬೇಡಿದ್ದು ನ್ಯಾಯ;
ಕೈಗೆ ಬಂದದ್ದು ಬೆರಳುದ್ದದ ಬಾಟಲಿ.
ಅರ್ಧ ಮಿಲಿ ಎಳೆದೆ. ದೀಪಕ್ಕೆ ಹಿಡಿದೆ.
ಕಣ್ಣು ಮಂಜು, ಧೂಳೋ ಏನೋ.
ಕರ್ತನೇ, ಎಂದೆ. ಮುಂದೆ ಮಾತು ಹೊರಡಲಿಲ್ಲ.
ಅವಳ ಮಂಚದ ಬಳಿ ಮೊಣಕಾಲೂರಿದೆ,
ಪ್ರಾರ್ಥನೆಗಲ್ಲ,
ಸಿರಿಂಜು ಅವಳ ಕಣ್ಣಿಗೆ ನೇರವಾಗಲೆಂದು.
"ಯೆಮೀಮಾ, ಒಮ್ಮೆ ನೋಡು. ಸರಿ ಇದೆಯಾ?"
ಹದಿನೆಂಟು ವರ್ಷದಲ್ಲಿ ಮೊದಲ ಸಲ.
ನೋಡಿದಳು. ಗೆರೆ ಎಣಿಸಿದಳು. ತಲೆಯಾಡಿಸಿದಳು.
ಮಾಸ್ಕಿನೊಳಗೆ ಆವಿ ಎದ್ದಿತು.
"ಅವತ್ತೂ ನಿನ್ನನ್ನು ಕರೆಯಬೇಕಿತ್ತು" ಎಂದೆ.
ಯಂತ್ರದ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ,
ನನ್ನ ಮಣಿಕಟ್ಟು ಹಿಡಿದುಕೊಂಡಳು,
ನಾಡಿ ನೋಡುವವಳ ಹಾಗೆ.

ಬೆಳಿಗ್ಗೆ ಊರೆಲ್ಲ ಹಿಟ್ಟು ಚೆಲ್ಲಿದಂತಿತ್ತು.
ಫ್ರಿಜ್ಜಿನ ಪಟ್ಟಿ ಕಿತ್ತೆ; ಅಂಟು ಬಿಡಲಿಲ್ಲ,
ಅಲ್ಲಿ ಈಗಲೂ ಧೂಳು ಹಿಡಿದ ಕಪ್ಪು ಗೆರೆ.
ಮೂರನೇ ದಿನ ಕೇಳದೆಯೇ ನನ್ನ ಶೇಂಗಾ ಚಟ್ನಿ ಮುಗಿಸಿದ್ದಳು.
ಸಿಟ್ಟು ಬಂತು, ಸುಳ್ಳು ಹೇಳಲಾರೆ.

ಶುಕ್ರವಾರ ಆ ಸಾಲು ಬಂದಾಗ ಕೆಮ್ಮಲಿಲ್ಲ.
ಗಟ್ಟಿಯಾಗಿಯೂ ಹೇಳಲಿಲ್ಲ.
ಬಾಗಿಲ ಬಳಿಯಿಂದ ಅವಳ ದನಿ ಬರಲೆಂದು ಕಾದು
ಅದರ ಹಿಂದೆ ಹೇಳಿದೆ,
ತಪ್ಪಿದರೆ ತಿದ್ದಲಿ ಎಂದು.